ಮನೆಗೊಂದೇ ಕಿಟ್

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಅತ್ತೆಗೆ ಜ್ವರ, ಕೆಮ್ಮು. ಅವರು ತಂದಿದ್ದ ಸೋಂಕು ಪರೀಕ್ಷೆಯ ಕಿಟ್‌ನ ಅವಧಿ ಮುಗಿದಿದೆಯೆಂದು ನರ್ಸ್ ಆಗಷ್ಟೇ ಹೊಸದೊಂದನ್ನು ಕೊಟ್ಟು ಹೋಗಿದ್ದಳು.

“ಒಡೆಯದ ಪೊಟ್ಟಣ ಹೇಗಮ್ಮ ಹಾಳಾಗುತ್ತೆ?”

“ತಾರೀಕು ದಾಟಿದ್ರೆ ಮುಗೀತು ಅತ್ತೆ.”

“ಮನೆಗೊಂದೇ ಅಂತ ಕೊಟ್ಟಿದ್ರು. ಒಡವೆ ಥರ ಬೀರುವಿನಲ್ಲಿಟ್ಟಿದ್ದೆ.”

“ಮಾವನ ಮೂಗಿಗೆ ಕಡ್ಡಿ ಹಾಕಿ ನೋಡೋಣ ಅಂತ ಅವತ್ತೇ ಬಡ್ಕೊಂಡೆ.”

“ನನಗ್ಯಾಕೆ, ಬರೀ ನೆಗಡಿ, ಮಗೂಗೆ ಇರಲಿ ಅಂದ್ಬಿಟ್ರು. ನಾನೂ ಹೂಂ ಅಂದೆ.”

“ಗೊತ್ತಾಗಿದ್ರೆ ಆಗಲೇ ಇಲ್ಲಿಗೆ ಕರ್ಕೊಂಡು ಬರ್ತಿದ್ವಿ.”

“ಉಸಿರಿಗೆ ಒದ್ದಾಡೋವಾಗ ತಂದ್ವಿ. ಉಳೀಲಿಲ್ಲ.”

ಅತ್ತೆಗೆ ಮತ್ತೆ ಕೆಮ್ಮು ಬಂತು.

“ಅತ್ತೆ, ಹೊಸ ಕಿಟ್ ಎಲ್ಲಿ?”

“ಚೀಲದಲ್ಲಿಟ್ಟೆ.”

“ಕೊಡಿ, ನಿಮಗೆ ನೋಡೋಣ.”

“ನನಗೇನಾಗಿದೆ? ಬರೀ ಕೆಮ್ಮು. ಮಗೂಗೆ ಇರಲಿ.”

ಸೊಸೆ ಅವರ ಮುಖವನ್ನೇ ನೋಡಿದಳು. ಚೀಲದ ಬಾಯಿ ಹಿಡಿದಿದ್ದ ಅತ್ತೆಯ ಕೈ ಹಾಗೇ ನಿಂತಿತು. ಆಮೇಲೆ ಅವರೇ ಕಿಟ್ ತೆಗೆದು ಕೊಟ್ಟರು.

“ನೀನೇ ಹಾಕು.”

ಇಬ್ಬರೂ ಎದ್ದು ಕಿಟಕಿಯ ಬೆಳಕಿನತ್ತ ಹೋದರು. ಹಳೇ ಪೊಟ್ಟಣ ಬೆಂಚಿನ ಮೇಲೇ ಉಳಿಯಿತು. ಒಂದು ಸುಕ್ಕೂ ಬೀಳದಂತೆ ಕಾಪಾಡಿದ್ದರು.