ಬಾಲ ಬಿಟ್ಟ ಮಡಿಕೆ

...ಅಲ್ಲಮ್ಮಾ, ಹೌದು ಅಂತ ಗುರುತು ಹಾಕಿದ್ದೀಯಲ್ಲ, ಇದು ಕೈ ತಪ್ಪಿ ಹಾಕಿದ್ದಾ, ಬುದ್ಧಿ ತಪ್ಪಿ ಹಾಕಿದ್ದಾ? ಒಂಬತ್ತನೇ ಪ್ರಶ್ನೆ. ಇನ್ನೊಂದ್ಸಲ ಓದು. "ನಿಮಗೆ ಯಾವುದಾದರೂ ಅಪರಾಧಕ್ಕೆ ಜೈಲು ಶಿಕ್ಷೆಯಾಗಿದೆಯೇ?" ಪಕ್ಕದಲ್ಲೇ ಎರಡು ಚೌಕ. 'ಇಲ್ಲ' ಅನ್ನೋ ಚೌಕಾನ ಎಷ್ಟು ಚೊಕ್ಕವಾಗಿ ಖಾಲಿ ಬಿಟ್ಟಿದ್ದೀಯ! ಕೂತ್ಕೋ, ಕೂತ್ಕೋ. ಹಾಗೆ ನಿಂತೇ ಇದ್ರೆ ನಾನೇನೋ ನಿನ್ನ ವಿಚಾರಣೆ ಮಾಡ್ತಿರೋ ಹಾಗೆ ಕಾಣುತ್ತೆ. ಹೊರಗೆ ಇಸ್ತ್ರಿ ಮಾಡೋರೆಲ್ಲ ಕೆಲಸ ಬಿಟ್ಟು ಈ ಗಾಜಿನ ಕಡೆನೇ ನೋಡ್ತಿದ್ದಾರೆ.

ನಾನು ಯಾರು ಅಂತ ಗೊತ್ತು ತಾನೇ? ದೊಡ್ಡಕ್ಕ ಅಂತಾರೆ. ಈ ಲಾಂಡ್ರಿಗೆ ಬಂದು ಇಪ್ಪತ್ತೆರಡು ವರ್ಷ. ಮೂರು ಆಸ್ಪತ್ರೆ ಬೆಡ್‌ಶೀಟು, ದಿಂಬಿನ ಕವರು, ಡಾಕ್ಟರ ಕೋಟು, ಎಲ್ಲ ಇಲ್ಲೇ ಒಗೆಯೋದು. ಹೆಂಗಸರನ್ನ ಕೆಲಸಕ್ಕೆ ತಗೊಳ್ಳೋದು, ಕಳಿಸೋದು, ಎರಡೂ ನನ್ನ ಕೈಲೇ ಇದೆ. ಮೇಲಿನೋರು ಸಹಿ ಹಾಕ್ತಾರೆ, ಅಷ್ಟೆ.

ಏನು ಮಾಡಿದ್ದೆ? ಕಳ್ಳತನಾನಾ, ಹೊಡೆದಾಟಾನಾ? ...ಬೇಡ, ಹೇಳ್ಬೇಡ. ಈಗ ಕೇಳೋ ಹಾಗಿಲ್ವಂತೆ ನಾನು. ದೊಡ್ಡ ಆಫೀಸಿಂದ ಸುತ್ತೋಲೆ ಬಂದಿದೆ. ತಣ್ಣಗೆ ಎ.ಸಿ.ಲಿ ಕೂತು ಬರೆದಿದ್ದಾರೆ, ಪುಣ್ಯಾತ್ಮರು. ಮೊದಲು ಕೈಕೆಲಸ ನೋಡಬೇಕಂತೆ. ಕೆಲಸ ಕೊಡಬಹುದು ಅಂತ ಮನಸ್ಸಿಗೆ ಬಂದ ಮೇಲೆ ಹಿಂದಿನದು ಕೇಳಬೇಕಂತೆ. ಅದೂ ಹೇಗೆ? ಯಾವ ತಪ್ಪು, ಆಗಿ ಎಷ್ಟು ವರ್ಷ ಆಯ್ತು, ಬೆಡ್‌ಶೀಟು ಮಡಚೋದಕ್ಕೂ ಅದಕ್ಕೂ ಏನು ಸಂಬಂಧ ಅಂತ ಯೋಚನೆ ಮಾಡಿ ಕೇಳಬೇಕಂತೆ. ಹುಡುಗಿ ನೋಡೋಕೆ ಹೋದಾಗಲೂ ಇಷ್ಟು ನಯ ಮಾಡಲ್ಲ ಜನ! ಹೊಸ ಫಾರಂನಲ್ಲಿ ಒಂಬತ್ತನೇ ಪ್ರಶ್ನೆನೇ ಇಲ್ಲ. ಅಗೋ, ಆ ಕಟ್ಟು. ಇನ್ನೂ ದಾರ ಬಿಚ್ಚಿಲ್ಲ. ಹಳೇದು ಮುನ್ನೂರು ಉಳಿದಿದೆ. ಹಳೇದು ಮುಗೀದೆ ಹೊಸದು ಬಿಚ್ಚಬಾರದು. ಸೋಪಿನ ಪುಡಿಗೂ ಅದೇ ನಿಯಮ ಇಲ್ಲಿ.

ನಗ್ಬೇಡ. ನಗೋ ವಿಷಯ ಅಲ್ಲ ಇದು.

ನಿಜ ಬರೆದೋರು ನೀನೊಬ್ಬಳೇ ಅಂದ್ಕೋಬೇಡ. ಅವರ ಫಾರಂ ಎಲ್ಲ ಈ ಡ್ರಾಯರಲ್ಲಿದೆ. ಎಳೀಬೇಡ, ತುಂಬಿ ಸಿಕ್ಕಿಹಾಕ್ಕೊಂಡಿದೆ. ಸುಳ್ಳು ಬರೆದೋರೂ ಇದ್ರು. ಮೂರು ಜನ. ಮೂವರನ್ನೂ ಗೊತ್ತಾದ ದಿನವೇ ಕಳಿಸಿದೆ. ಮೂರನೆಯವಳು, ಪಾಪ, ಒಳ್ಳೇ ಕೆಲಸದವಳು. ಎರಡು ವರ್ಷ ಇದ್ದಳು, ಒಂದು ದಿನ ತಡವಾಗಿ ಬಂದವಳಲ್ಲ. ಯಾರೋ ಗುರುತು ಹಿಡಿದು ಹೇಳಿದ್ರು. ಎಲ್ಲರ ಎದುರಿಗೇ ಏಪ್ರನ್ ಬಿಚ್ಚು ಅಂದೆ. ಬೆನ್ನ ಹಿಂದಿನ ಗಂಟು ಬಿಗಿದುಹೋಗಿತ್ತು, ಬಿಚ್ಚೋಕೆ ಅವಳಿಗೆ ಬರಲಿಲ್ಲ. ನಾನೇ ಬಿಚ್ಚಿದೆ. ಹೋಗೋವಾಗ ಕೇಳ್ತಾಳೆ, ನಿಜ ಬರೆದಿದ್ರೆ ತಗೋತಿದ್ರಾ ದೊಡ್ಡಕ್ಕ, ಅಂತ.

ಏನ್ ಪ್ರಶ್ನೆ ಅದು! ...ತಗೋತಿರಲಿಲ್ಲ. ಅದು ಬೇರೆ ಮಾತು.

ಯಾಕೆ ನೆಲ ನೋಡ್ತೀಯಾ? ನಿನಗೇನೂ ಅನ್ನಲಿಲ್ಲವಲ್ಲ ನಾನು. ಏಳು, ಸುತ್ತೋಲೆ ಪ್ರಕಾರ ಕೈಕೆಲಸ ನೋಡಿಬಿಡೋಣ. ಆಮೇಲೆ ಯಾರೂ ದೊಡ್ಡಕ್ಕ ಅನ್ಯಾಯ ಮಾಡಿದಳು ಅನ್ನಬಾರದು. ನೋಡದೆಯೇ ಕಳಿಸ್ತಿದ್ದೆ ಮುಂಚೆ, ಈಗ ನೋಡಿ ಕಳಿಸ್ತೀನಿ. ಅಷ್ಟರ ಮಟ್ಟಿಗೆ ನ್ಯಾಯ ಸುಧಾರಿಸಿದೆ.

ಹಿಂದೆ ತಿರುಗಿ ಆ ಕಪಾಟು ನೋಡು. ಮೇಲಿಂದ ಕೆಳಗಿನ ತನಕ ಒಂದೇ ಮಡಿಕೆ. ಅಂಚೆಲ್ಲ ಒಳಗೆ, ನಂಬರ್ ಹಾಕಿರೋ ಮೂಲೆ ಮಾತ್ರ ಎರಡು ಬೆರಳು ಹೊರಗೆ. ಅದಕ್ಕೆ ಬಾಲ ಅಂತೀವಿ. ಆ ಬಾಲ ಹಿಡಿದು ಎಳೆದ್ರೆ ಇಡೀ ಶೀಟು ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತೆ. ನರ್ಸಮ್ಮಂದಿರು ನನ್ನ ಹೆಸರು ಹೇಳಿ ದೀಪ ಹಚ್ಚಬೇಕು, ಅಷ್ಟು ಸುಲಭ. ಈ ಊರಲ್ಲಿ ಬೇರೆ ಯಾವ ಲಾಂಡ್ರಿಗೂ ಬರಲ್ಲ. ನನ್ನ ಸ್ವಂತ ತಲೆಯಿಂದ ಬಂದದ್ದು! ಮೆಟ್ಟಿಲ ಹತ್ರ ನನ್ನ ಫೋಟೋ ಹಾಕಿದ್ದಾರೆ, ನೋಡಿರ್ತೀಯ, ಶಾಲು ಹೊದಿಸಿರೋದು. ಹೊಸಬರಿಗೆ ಕಲಿಯೋಕೆ ಆರು ವಾರ ಬೇಕು. ನಿನಗೆ ಅದು ಬೇಡ ಬಿಡು, ಸುಮ್ಮನೆ ನಾಲ್ಕು ಮಡಿಕೆ ಹಾಕು, ಸಾಕು.

ತಗೋ ಶೀಟು. ಮೊದಲು ಅಗಲಕ್ಕೆ... ಅರೆ. ಯಾರು ಹೇಳಿದ್ರು ಅಂಚು ಒಳಗೆ ತಗೋ ಅಂತ? ನಾನಿನ್ನೂ ಬಾಯಿ ತೆಗೆದಿಲ್ಲ. ನಿಧಾನ, ನಿಧಾನ... ಮೂರು ಪಾಲು... ಮೊಣಕೈಲಿ ಒತ್ತಿದೆಯಾ? ಮೊಣಕೈಲಿ ಒತ್ತೋದು ನಾನು ಇಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲ... ಬಾಲ. ಎರಡು ಬೆರಳು. ಸರಿಯಾಗಿ ಎರಡೇ ಬೆರಳು.

ಹಿಂದೆ ಯಾಕೆ ಹೋದೆ? ಎರಡು ಹೆಜ್ಜೆ ಹಿಂದೆ ಹೋಗಿ ಕೈ ಬೆನ್ನಿಗೆ ಕಟ್ಟು ಅಂತ ಯಾರು ಹೇಳಿದ್ರು ನಿನಗೆ? ಕೈ ಬಿಡು. ಕೊಡು ಇಲ್ಲಿ, ನೋಡೋಣ. ಬಾಲ ಎಳೆದೆ... ಬಿಚ್ಚಿತು, ಸರಿ. ಒದರಿದೆ, ಏನೂ ಬೀಳಲಿಲ್ಲ, ಸರಿ. ಅಂಚಿನ ಹೊಲಿಗೆಲಿ...

ಯಾಕೆ ಹಾಗೆ ನೋಡ್ತೀಯಾ? ಏನೂ ಹುಡುಕ್ತಿಲ್ಲ ನಾನು!

ಸೂಜಿಗೀಜಿ ಸಿಕ್ಕಿರುತ್ತೆ ಅಂತ ಹೊಲಿಗೆ ಸವರಿ ನೋಡಿದೆ. ಆಸ್ಪತ್ರೆ ಬಟ್ಟೆ ಅಲ್ವಾ... ಬಿಸಿನೀರಲ್ಲಿ ಕುದ್ದು, ಇಸ್ತ್ರಿ ಯಂತ್ರದಲ್ಲಿ ಹಾದು ಬಂದ ಶೀಟಲ್ಲಿ ಸೂಜಿ ಎಲ್ಲಿಂದ ಬರುತ್ತೆ ಅಂತೀಯಾ? ಅನ್ನಲಿಲ್ಲ, ಸರಿ. ಕಣ್ಣಲ್ಲಿ ಅಂದೆ.

ಆ ಕಪಾಟು ನೋಡೋದು ಬಿಡು. ನನ್ನ ಕಡೆ ನೋಡು. ಈ ಮಡಿಕೆ ನಮ್ಮ ಸೋದರತ್ತೆ ಹೇಳಿಕೊಟ್ಟಿದ್ದು. ಅವಳು ನರ್ಸಾಗಿದ್ದಳು... ಆಗಲೇ ಸ್ವಂತ ತಲೆ ಅಂದೆನಾ? ಅಂದಿರಬಹುದು. ತಲೆನೂ ಇತ್ತು, ಸೋದರತ್ತೆನೂ ಇದ್ದಳು. ನಾನ್ಯಾಕೆ ಇದೆಲ್ಲ ಹೇಳ್ತಿದ್ದೀನಿ ನಿನಗೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನೀನು ಕಳ್ಳ ಅಂತಲೂ ಅನ್ನಲಿಲ್ಲ. ಏನಾದ್ರೂ ಅನ್ನಮ್ಮಾ! ಇಷ್ಟು ಹೊತ್ತು ನಾನೊಬ್ಬಳೇ ಮಾತಾಡ್ತಿದ್ದೀನಿ.

...ಪರದೆ ಎಳಿ. ಬಾಗಿಲೂ ಹಾಕು.

ಜೈಲಿಂದ ಬಂದ ಮೇಲೆ ಆರು ಕಡೆ ನಿಜ ಬರೆದೆ ಕಣೇ. ಆರು ಕಡೆ. ಒಂದು ಕಡೆ ಫಾರಂ ಓದಿ ಮುಗಿಸೋಕೆ ಮುಂಚೆ ನಾನು ಕೂತಿದ್ದ ಕುರ್ಚಿನ ಒರೆಸಿಬಿಟ್ರು. ಮನೇಲಿ ಮಗಳಿಗೆ ಆಗ ನಾಲ್ಕು ವರ್ಷ. ಏಳನೇದು ಇದು. ಇದೇ ಮೇಜು, ಇದೇ ಒಂಬತ್ತನೇ ಪ್ರಶ್ನೆ. ಒಂದು ಗೀಟು ಆ ಚೌಕದಲ್ಲಿ ಹಾಕೋ ಬದಲು ಈ ಚೌಕದಲ್ಲಿ ಹಾಕಿದೆ, ಅಷ್ಟೆ. ಆಮೇಲೆ ಬೇರೆಯವರ ಫಾರಂ ನನ್ನ ಕೈಗೆ ಬರೋಕೆ ಶುರುವಾಯ್ತು. 'ಹೌದು' ಅಂತ ಕಂಡಾಗೆಲ್ಲ ಒಂದೇ ಯೋಚನೆ. ಇವಳು ನನ್ನ ನೋಡಿರ್ತಾಳಾ, ಅಲ್ಲಿದ್ದವಳಾ ಅಂತ. ಡ್ರಾಯರ್ ಎಳೆದು ಒಳಗೆ ಹಾಕಿಬಿಡ್ತಿದ್ದೆ. ನ್ಯಾಯ ಗೀಯ ಏನೂ ಅಲ್ಲ, ಹೆದರಿಕೆ. ಶುದ್ಧ ಹೆದರಿಕೆ. ಅವಳ ಏಪ್ರನ್ ಗಂಟು ಬಿಚ್ಚೋವಾಗ ಒಂದು ಸಲಾನೂ ಅವಳ ಮುಖ ನೋಡಲಿಲ್ಲ ನಾನು.

ಈಗ ನೀನು ಹೊರಗೆ ಹೋಗಿ ಒಂದು ಮಾತು ಅಂದ್ರೆ ಸಾಕು. ನಂದೂ ಗಂಟು ಬಿಗಿಯಾಗೇ ಇದೆ. ಹೇಳು, ಏನು ಬೇಕು ನಿನಗೆ? ...ಯಾಕೆ ಶೀಟು ಮತ್ತೆ ಎತ್ಕೊಂಡೆ? ನಾನು ಕೇಳ್ತಿರೋದು ಏನು, ನೀನು ಮಾಡ್ತಿರೋದು ಏನು? ಬಿಚ್ಚಿ ಹಾಕಿದ್ದು ಹಾಗೇ ಬಿಡಬಾರದಾ?

...ಹೂಂ. ಬಿಡಬಾರದು. ಅಲ್ಲಿ ಹಾಗೇ ಬಿಟ್ರೆ ಇಡೀ ಸಾಲಿಗೆ ಊಟ ತಡ ಮಾಡೋರು.

ಕೊಡು, ಆ ತುದಿ ನಾನು ಹಿಡ್ಕೋತೀನಿ. ಸೋಮವಾರ ಏಳು ಗಂಟೆಗೆ ಬಾ. ಫಾರಂನಲ್ಲಿ ಹಾಕಿದ ಗುರುತು ಹಾಗೇ ಇರಲಿ, ಅಳಿಸಬೇಡ. ನಮ್ಮಿಬ್ಬರಲ್ಲಿ ಒಬ್ಬಳಾದ್ರೂ ಸರಿಯಾಗಿ ಬರೆದಿದ್ದಾಳೆ. ಆ ಹೊಸ ಕಟ್ಟಿನ ದಾರ ಹೋಗೋವಾಗ ನೀನೇ ಬಿಚ್ಚಿ ಹೋಗು, ನನ್ನ ಕೈಲಿ ಆಗ್ತಾ ಇಲ್ಲ... ಎಳಿ, ಬಿಗಿಯಾಗಿ ಎಳಿ. ಹಾಂ, ಹಾಗೆ.

ಕೇಳ್ಲಾ ಒಂದು? ಅಲ್ಲಿ ಬಟ್ಟೆ ಮಡಚೋ ಕೋಣೇಲಿ, ಕಿಟಕಿ ಪಕ್ಕದ ಮೇಜು... ಒಂದು ಕಾಲು ಗಿಡ್ಡ, ಅದರ ಕೆಳಗೆ ರಟ್ಟು ಮಡಚಿ ಇಟ್ಟಿದ್ದೆ. ಇನ್ನೂ ಅಲ್ಲಾಡುತ್ತೇನೇ ಅದು?