ಮೂಗು ಮುಚ್ಚಿದ ಮನೆ

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ. ಇದು ನಮ್ಮ ಪಕ್ಕದ ಮನೆ ಮ್ಯೂರಿಯಲ್‌ಗೆ ಆದದ್ದು. ಲ್ಯಾಂಕಶೈರಿನ ನಮ್ಮ ಗಿರಣಿ ಬೀದಿಯಲ್ಲೇ, ಎಪ್ಪತ್ತಾರನೇ ಇಸವಿ ನವೆಂಬರಿನಲ್ಲಿ.

ಗಿರಣಿ ಬಿಟ್ಟು ಮನೆಗೆ ಬರ್ತಿದ್ದಳು. ಗಂಟೆ ಇನ್ನೂ ಐದೂವರೆ. ಆದರೆ ಆ ತಿಂಗಳಲ್ಲಿ ನಾಲ್ಕಕ್ಕೇ ಕತ್ತಲೆ. ಜಿನುಗು ಮಳೆ. ಬೀದಿ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಹಳೇ ಬಾವಿ ದಾಟಿದಳು... ಆಗ ಕೇಳಿಸಿತು.

ಕಿರ್ರ್... ಕಿರ್ರ್... ಟಕ್.

ಕಬ್ಬಿಣದ ತೂತಿನಲ್ಲಿ ತಂತಿ ಆಡಿಸಿದ ಸದ್ದು. ಮ್ಯೂರಿಯಲ್ ನಿಂತೇಬಿಟ್ಟಳು. ಅದು ಈನಕ್ ಅಜ್ಜನ ಸದ್ದು. ಈನಕ್ ಅಜ್ಜ ಸತ್ತು ಎರಡು ವರ್ಷ ಆಗಿತ್ತು.

ನಮ್ಮ ಮನೆಗಳೆಲ್ಲ ಮರದ ಹಲಗೆ ನೆಲದವು. ಹಲಗೆ ಕೆಳಗೆ ಸೊಂಟದಷ್ಟು ಆಳದ ಟೊಳ್ಳು. ಅಲ್ಲಿ ಗಾಳಿ ಆಡದಿದ್ದರೆ ತೊಲೆ ಕೊಳೆಯುತ್ತೆ ಅಂತ ಮುಂದಿನ ಗೋಡೆ, ಹಿಂದಿನ ಗೋಡೆ ಎರಡರ ಬುಡದಲ್ಲೂ ಇಟ್ಟಿಗೆಯಷ್ಟಗಲದ ಕಬ್ಬಿಣದ ಜಾಲರಿ. ಮನೆಯ ಮೂಗು ಅಂತಿದ್ದೆವು ಅದಕ್ಕೆ. ಈನಕ್ ಅಜ್ಜ ಬಡಗಿ, ಒಂಟಿ ಜೀವ. ಚಳಿಗಾಲಕ್ಕೆ ಮುಂಚೆ ಸೈಕಲ್ ಚಕ್ರದ ಕಡ್ಡಿಯೊಂದು ಹಿಡಿದು, ಮನೆಮನೆ ಮುಂದೆ ಮಂಡಿಯೂರಿ, ತೂತಿಗೆ ಸಿಕ್ಕಿಕೊಂಡ ಎಲೆ, ಜೇಡರಬಲೆ ಕೆರೆದು ತೆಗೆಯೋನು. ಯಾರೂ ಹೇಳಿ ಮಾಡಿಸಿದ್ದಲ್ಲ. "ಅಜ್ಜಾ, ಮೊದಲು ನಿನ್ನ ಮೂಗು ಕೆರ್ಕೋ!" ಅಂತ ಹುಡುಗರು ಕೂಗಿದರೆ ಕಡ್ಡಿ ಎತ್ತಿ ಅಟ್ಟಿಸೋನು. ಚಳಿಗೆ ಬೆರಳು ನೋಯುತ್ತೆ ಅಂದದ್ದಕ್ಕೆ ಮ್ಯೂರಿಯಲ್ಲೇ ಆ ಕಡ್ಡಿಯ ಹಿಡಿಗೆ ಕೆಂಪು ಉಣ್ಣೆ ಸುತ್ತಿ ಮೂರು ಗಂಟು ಹಾಕಿಕೊಟ್ಟಿದ್ದಳು. ಅವನು ಸತ್ತಾಗ ಹೆಣದ ಪೆಟ್ಟಿಗೆಯಲ್ಲಿ, ಅವನ ಕೈಯಲ್ಲೇ ಅದನ್ನ ಇಟ್ಟು ಕಳಿಸಿದವಳೂ ಅವಳೇ. ನಾನು ಪಕ್ಕದಲ್ಲೇ ಇದ್ದೆ.

ಒಂದು ಮಾತು ಮಾತ್ರ ಮ್ಯೂರಿಯಲ್ ಎದೆಯಲ್ಲಿ ಚುಚ್ಚುತ್ತಿತ್ತು. ಮೂರು ವರ್ಷದ ಹಿಂದೆ, ಮಗಳು ಜ್ಯಾನಿಸ್ ಹುಟ್ಟಿದಾಗ, ಗಂಡ ಕ್ಲಿಫ್ ಮುಂದಿನ ಗೋಡೆಗೆ ದಪ್ಪ ಸಿಮೆಂಟು ಬಳಿಸಿ ಮೇಲೆ ಸಣ್ಣ ಕಲ್ಲು ಎರಚಿಸಿದ. ಆಗ ಅದೇ ಶೋಕಿ. "ಜಾಲರಿ ಮುಂದಕ್ಕೆ ತಂದು ಕೂರಿಸ್ಲೋ, ಮುಚ್ಲೋ?" ಅಂತ ಗಾರೆಯವನು ಕೇಳಿದ. ಹಲಗೆ ಸಂದಿಯಿಂದ ಬರೋ ಚಳಿಗೆ ಕೂಸು ಕೆಮ್ಮುತ್ತಿತ್ತು. "ಮುಚ್ಚಪ್ಪಾ, ಪುಣ್ಯ ಬರುತ್ತೆ" ಅಂದಳು ಮ್ಯೂರಿಯಲ್. ಹಿಂದಿನ ಜಾಲರಿ ಅಡುಗೆಮನೆ ದೊಡ್ಡದು ಮಾಡುವಾಗಲೇ ಕಾಂಕ್ರೀಟಿನೊಳಗೆ ಹೂತುಹೋಗಿತ್ತು.

ಈನಕ್ ಅಜ್ಜ ಬಂದು ಹೊಸ ಗೋಡೆ ಸವರಿ ನೋಡಿದ. "ಬೇಡ ಕಣಮ್ಮಾ. ಮಗು ಮಲಗೋ ಕೋಣೆ ಇದು. ಒಂದು ತೂತಾದ್ರೂ ಕೊರೆಸು."

"ಆಗ್ಲಿ ಅಜ್ಜಾ" ಅಂದಳು. ಕೊರೆಸಲಿಲ್ಲ. ಜ್ಯಾನಿಸ್ ಕೆಮ್ಮೂ ನಿಲ್ಲಲಿಲ್ಲ.

ಸರಿ. ಆ ಸಂಜೆ... ದೀಪದ ಕಂಬದ ಮಬ್ಬಿನಲ್ಲಿ ಒಬ್ಬ ಮಂಡಿಯೂರಿ ಕೂತಿದ್ದ. ಒಂದು ಗೋಡೆ... ಕಿರ್ರ್, ಟಕ್. ಪಕ್ಕದ ಮನೆ ಗೋಡೆ... ಕಿರ್ರ್, ಟಕ್. ನಮ್ಮ ಮನೆಯದೂ ಆಯಿತು. ಮ್ಯೂರಿಯಲ್ ಮನೆ ಮುಂದೆ ಸದ್ದು ನಿಂತಿತು. ಅವನು ಅಂಗೈಯಿಂದ ಗೋಡೆಯ ಬುಡ ಸವರಿದ, ತಡಕಾಡಿದ. ಅವಳು ಕಣ್ಣು ಮಿಟುಕಿಸಿದಳು... ಯಾರೂ ಇಲ್ಲ. ಓಡಿ ಹೋಗಿ ನೋಡಿದರೆ, ಒದ್ದೆ ಕಲ್ಲುಹಾಸಿನ ಮೇಲೆ ಮಂಡಿಯಗಲದ ಎರಡು ಒಣ ಗುರುತು. ನೋಡ್ತಿದ್ದ ಹಾಗೇ ಮಳೆಗೆ ನೆನೆದುಹೋದವು.

ಒಳಗೆ ಕ್ಲಿಫ್ ರಾತ್ರಿ ಪಾಳಿಗೆ ಬೂಟು ಕಟ್ಟುತ್ತಿದ್ದ. ಮುಂದಿನ ಕೋಣೆಯಲ್ಲೇ, ಚಳಿ ಕಾಯಿಸೋ ಗ್ಯಾಸ್ ಒಲೆ ಪಕ್ಕದ ಪುಟ್ಟ ಮಂಚದಲ್ಲಿ ಜ್ಯಾನಿಸ್ ನಿದ್ದೆ. ಇಬ್ಬರೂ ಪಿಸುಗುಟ್ಟಿದರು.

"ಈನಕ್ ಅಜ್ಜನ್ನ ನೋಡಿದೆ ರೀ."

"ಹೂಂ. ಚೆನ್ನಾಗಿದಾನಂತಾ?"

"ತಮಾಷೆ ಅಲ್ಲಾರೀ! ನಮ್ಮ ಗೋಡೆ ಸವರ್ತಿದ್ದ."

"ಗಿರಣಿ ಧೂಳು ತಲೆಗೇರಿದೆ ನಿಂಗೆ. ಟೀ ಕುಡ್ದು ಮಲಕ್ಕೋ."

ಆಗ ಕಾಲಡಿಯಿಂದಲೇ ಬಂತು. ಕಿರ್ರ್...

"ಇಲಿ" ಅಂದ ಕ್ಲಿಫ್. ಹಿಮ್ಮಡಿಯಿಂದ ಎರಡು ಸಲ ಗುದ್ದಿದ. ದಬ್, ದಬ್. ಸದ್ದು ನಿಂತಿತು. ನಗೋಕೆ ಬಾಯಿ ತೆರೆದ. ಕೆಳಗಿನಿಂದ ಮೆಲ್ಲಗೆ... ಟಕ್. ಟಕ್.

ಅವನ ಮುಖ ಬಿಳಿಚಿಕೊಂಡಿತು. "ನಾಳೆ... ನಾಳೆ ಬೆಳಕಲ್ಲಿ ಹಲಗೆ ಕಿತ್ತು ನೋಡ್ತೀನಿ" ಅಂದವನೇ ಟೋಪಿ ತಗೊಂಡು ಪಾಳಿಗೆ ಹೊರಟುಬಿಟ್ಟ. ಗಂಡಸರ ಧೈರ್ಯ ಇಷ್ಟೇ.

ಮ್ಯೂರಿಯಲ್ ಒಬ್ಬಳೇ. ಗ್ಯಾಸ್ ಒಲೆಯ ಸುಯ್ ಸದ್ದು, ಮಗುವಿನ ಗೊರ ಗೊರ ಉಸಿರು. ಐದು ನಿಮಿಷ ಏನಿಲ್ಲ.

ಕಿರ್ರ್...

ಈ ಸಲ ಗೋಡೆ ಬುಡದಿಂದ ಹೊರಟಿತು. ಹಲಗೆಯ ಕೆಳಮೈ ಕೆರೆಯುತ್ತ, ನಿಧಾನಕ್ಕೆ, ಕುರ್ಚಿ ಕೆಳಗೆ ಬಂತು. ಮೇಜು ದಾಟಿತು. ಜ್ಯಾನಿಸ್ ಮಂಚದ ಕೆಳಗೆ ಬಂದು ನಿಂತಿತು. ಮಂಚದ ಕಾಲಿನ ಪಕ್ಕ ನೆಲಹಾಸು ಗುಬುಟಾಗಿ ಮೇಲೆದ್ದಿತು... ಪಟ್. ಹಾಸು ಹರಿದು ತಂತಿಯ ತುದಿ ಬೆರಳುದ್ದ ಹೊರಗೆ ಬಂತು.

ಅವಳಿಗೆ ಹೊಳೆದದ್ದು ಒಂದೇ: ಮಗುವನ್ನ ಕರಕೊಂಡು ಹೋಗೋಕೆ ಬಂದಿದಾನೆ. "ಅಜ್ಜಾ, ಬೇಡ ಅಜ್ಜಾ... ಮುಚ್ಚಿಸಿದ್ದು ನಾನು! ನನ್ನ ಕೇಳು, ಅದನ್ನ ಬಿಟ್ಟುಬಿಡು!" ಅಂತ ಒಳಗೊಳಗೇ ಬೇಡಿಕೊಂಡಳು. ಹೊದಿಕೆ ಸಮೇತ ಜ್ಯಾನಿಸ್‌ನ ಬಾಚಿ ತಬ್ಬಿಕೊಂಡು ಬಾಗಿಲಿನ ಕಲ್ಲು ಹೊಸ್ತಿಲಿಗೆ ಹಾರಿದಳು. ತಂತಿ ಸರಕ್ಕನೆ ಕೆಳಕ್ಕೆ ಹೋಯಿತು.

ಆಮೇಲೆ ನೆಲ ಹೋಯಿತು. ದೊಡ್ಡ ಸದ್ದೇನಿಲ್ಲ. ನೆನೆದ ಬ್ರೆಡ್ ಕುಸಿದ ಹಾಗೆ ಮೆತ್ತಗೆ, ಥೊಸಕ್. ಮಂಚ ಕೆಳಗಿಳಿಯಿತು. ಅದರ ಹಿಂದೆಯೇ ಗೋಡೆಗೆ ಒರಗಿದ್ದ ಓಕ್ ಮರದ ಬೀರು ವಾಲಿ, ಮಂಚದ ಮೇಲೇ ಬಿತ್ತು. ಹಳ್ಳದಿಂದ ಅಣಬೆಯ ಹಸಿ ವಾಸನೆ ಎದ್ದಿತು. ಜ್ಯಾನಿಸ್ ಕಣ್ಣು ಬಿಟ್ಟು, "ಅಮ್ಮಾ, ನನ್ ಮಂಚ ಎಲ್ಲಿ?" ಅಂದಳು. ಮ್ಯೂರಿಯಲ್ ಊಳಿಟ್ಟು ಅತ್ತದ್ದು ನಮ್ಮ ಮನೆಗೆ ಕೇಳಿಸಿತು. ನಾನು ಓಡಿದ್ದೇ ಆಗ.

ಬೆಳಗ್ಗೆ ಕ್ಲಿಫ್, ನಾನು ಇಬ್ಬರೂ ಇಟ್ಟಿಗೆಯಿಂದೆಲ್ಲ ನೀರು ತೊಟ್ಟಿಕ್ಕುತ್ತಿದ್ದ ಆ ಹಳ್ಳಕ್ಕೆ ಇಳಿದೆವು. ತೊಲೆಗಳು ಕೈಯಲ್ಲಿ ಹಿಸುಕಿದರೆ ಪುಡಿಯಾಗ್ತಿದ್ದವು. ಆಮೇಲೆ ಹೊರಗಿನ ಸಿಮೆಂಟು ಒಡೆದೆವು. ಅದರಲ್ಲಿ ಎಲ್ಲೂ ಕೂದಲೆಳೆ ಬಿರುಕಿರಲಿಲ್ಲ, ಆಣೆ ಮಾಡ್ತೀನಿ. ಮೂರು ವರ್ಷ ಸಿಮೆಂಟಿನಡಿ ಇದ್ದ ಜಾಲರಿಯ ಒಂದೊಂದು ತೂತೂ ಆವತ್ತೇ ಕೆರೆದ ಹಾಗೆ ಚೊಕ್ಕ.

ಜಾಲರಿಯ ಒಳಮಗ್ಗುಲಲ್ಲಿ, ಇಟ್ಟಿಗೆ ಅಂಚಿನ ಮೇಲೆ ಸೈಕಲ್ ಕಡ್ಡಿ ಇತ್ತು. ಹಿಡಿಗೆ ಕೆಂಪು ಉಣ್ಣೆ, ಮೂರು ಗಂಟು. ಮ್ಯೂರಿಯಲ್ ಅದನ್ನ ನೋಡಿ ಅಲ್ಲೇ ಕೂತುಬಿಟ್ಟಳು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ನಾನು ಮಾತ್ರ ಈ ಕೈಯಾರೆ ಮುಟ್ಟಿ ನೋಡಿದ್ದೇನೆ. ಅಷ್ಟು ತೊಟ್ಟಿಕ್ಕುತ್ತಿದ್ದ ಜಾಗದಲ್ಲಿ ಆ ಉಣ್ಣೆ ಒಣಗಿತ್ತು.