ಸಾಯೋ ಸೀನಿಗೆ ಒಂದು ನಗು

ಅಲ್ಲಕ್ಕಾ, ಇಷ್ಟಾದ್ರೂ ನಗು ಬರ್ಲಿಲ್ವಾ? ಮುದುಕ ಮೂರನೇ ಸಲ ಸತ್ತು ಮೂರನೇ ಸಲ ಎದ್ದು ಕೂತ! ಡಾಕ್ಟರು ಮೂರನೇ ಸಲ ಕನ್ನಡಕ ತೆಗೆದು ‘ಕೈಲಾದಷ್ಟು ಮಾಡಿದ್ವಿ’ ಅಂದ! ನಮ್ಮ ಎಡಿಟರ್ ಹೊಟ್ಟೆ ಹಿಡ್ಕೊಂಡು ನಕ್ಕಿದ್ದಾನೆ ಗೊತ್ತಾ... ಟೀ ಕುಡಿಯೋಕೆ ಹೋಗಿದ್ದಾನೆ, ಅವನು ಬರೋದ್ರೊಳಗೆ ನೀನು ನಗಬೇಕು. ಇಲ್ದಿದ್ರೆ ಈ ಸೀನಿಗೆ ಕತ್ತರಿ. ಸಾವಿನ ವಿಷಯದಲ್ಲಿ ತಮಾಷೆ ಬೇಡ ಅಂತ ಪ್ರೊಡ್ಯೂಸರ್ ಕೂತುಬಿಟ್ಟಿದ್ದಾರೆ. ನಾನೂ ಹಟ ಹಿಡಿದೆ. ನಮ್ಮಕ್ಕನಿಗೆ ತೋರಿಸ್ತೀನಿ, ಅವಳು ನಕ್ರೆ ಇಡೀ ಥಿಯೇಟರ್ ನಗುತ್ತೆ ಅಂದೆ. ಚಿಕ್ಕಂದಿನಿಂದ ನನ್ನ ಜೋಕೆಲ್ಲಾ ಮೊದಲು ನಿನ್ನ ಮೇಲೇ ಅಲ್ವಾ ಪ್ರಯೋಗ?

ಏನಂದೆ? ಜೋರಾಗಿ ಹೇಳು... ಇದ್ರಲ್ಲಿ ನಗೋದೇನಿದೆ ಅಂತೀಯಾ. ಸರಿ.

ನೋಡು, ಇದು ಅಣಕು ಸಿನಿಮಾ. ಹಿಂದಿಯದಾಗ್ಲಿ, ನಮ್ಮದಾಗ್ಲಿ, ಸಿನಿಮಾದಲ್ಲಿ ಅಪ್ಪ ಹೇಗೆ ಸಾಯ್ತಾನೆ ಹೇಳು? ಎದೆಗೆ ಗುಂಡು ಬಿದ್ದಿರುತ್ತೆ, ಆದ್ರೂ ಎರಡು ಪುಟ ಡೈಲಾಗ್! ಆಸ್ತಿಪತ್ರ, ಕಳೆದುಹೋದ ಅವಳಿ ಮಗ, ಎಲ್ಲಾ ಹೇಳ್ತಾನೆ. ಕೊನೆಗೆ ‘ನಿನ್ನ ನಿಜವಾದ ತಾಯಿ ಯಾರು ಅಂದ್ರೆ...’ ಅಂತ ಟಪ್ಪಂತ ಕತ್ತು ವಾಲಿಸ್ತಾನೆ. ಅದನ್ನೇ ಲೇವಡಿ ಮಾಡಿದ್ದೀನಿ. ನಮ್ಮ ಮುದುಕನಿಗೆ ಮಾತು ಮುಗಿಯೋದೇ ಇಲ್ಲ, ಹಾಗಾಗಿ ಸಾಯೋಕೂ ಪುರಸೊತ್ತಿಲ್ಲ!

ಹಿಂದಕ್ಕೆ ಓಡಿಸ್ಲಾ? ಎಲ್ಲಿಗೆ... ತಲೆ ಬಾಚೋ ಕಡೆಗಾ?

ಹಾಂ, ಅಲ್ಲೇ ಎಲ್ರೂ ಬಿದ್ದು ಬಿದ್ದು ನಗೋದು. ಇಗೋ. ‘ಮಗಳು ಬರ್ತಾಳೆ, ತಲೆ ಬಾಚೋ’ ಅಂತಾನೆ. ಮಗ ಎದುರಿಗೆ ನಿಂತು ಬಾಚ್ತಾನೆ, ಬೈತಲೆ ಬಲಕ್ಕೆ ಹೋಗಿಬಿಡುತ್ತೆ. ಸತ್ತ ಮುದುಕ ಕಣ್ಣು ಬಿಟ್ಟು ‘ಎಡಕ್ಕೆ ಕಣೋ ದಡ್ಡ!’... ಯಾಕೆ ಹಾಗೆ ನೋಡ್ತೀಯಾ? ಇನ್ನೊಂದ್ಸಲನಾ? ಬೇಡ ಬಿಡು... ಸರಿ, ಸರಿ, ಕೈ ಬಿಡು, ಹಾಕ್ತೀನಿ.

ಇದೆಲ್ಲಿಂದ ಬಂತು ಅಂದ್ರೆ? ನಾನೇ ಕಟ್ಟಿದ್ದು ಅಕ್ಕಾ. ಬರೆಯೋರಿಗೆ ಏನೇನೋ ಹೊಳೆಯುತ್ತೆ.

ಅಪ್ಪನ... ಹೌದು. ಅಪ್ಪನ ಬೈತಲೆನೂ ಅವತ್ತು ಬಲಕ್ಕಿತ್ತು. ನೀನು ಬಂದು ತಲೆ ಸವರ್ತಾ ಕೇಳಿದ್ದೆ. ಆಸ್ಪತ್ರೆಯವರು ಬಾಚಿರ್ತಾರೆ ಅಂದಿದ್ದೆ. ನಿದ್ದೇಲೇ ಹೋದ್ರು, ಒಂದು ಮಾತೂ ಆಡ್ಲಿಲ್ಲ ಅಂದಿದ್ದೆ. ಮೂರು ವರ್ಷದಿಂದ ಅದನ್ನೇ ಹೇಳ್ತಿದ್ದೀನಿ, ಈಗ್ಲೂ ಅದನ್ನೇ ಹೇಳ್ತೀನಿ. ಆಸ್ಪತ್ರೆಯವರೇ! ...ಮತ್ತೆ ಅದನ್ನೇ ಹಾಕು ಅನ್ಬೇಡ ಅಕ್ಕಾ. ಬೈಯೋದಾದ್ರೆ ಬೈದುಬಿಡು.

ನಾನೇ ಬಾಚಿದ್ದು.

ಮಧ್ಯಾಹ್ನ ಎರಡು ಗಂಟೆ. ಎಚ್ಚರವಾಗೇ ಇದ್ರು. ‘ಅವಳನ್ನ ಕರೆಸೋ, ಇವತ್ತು ನಾನು ಹೊರಟೆ’ ಅಂದ್ರು. ನಿಂಗೇ ಗೊತ್ತಲ್ಲ, ಅಪ್ಪ ಎಷ್ಟು ಸಲ ಹೊರಟಿದ್ರು! ಆ ವರ್ಷ ನಾಲ್ಕು ಸಲ ನೀನು ಆಫೀಸ್ ಬಿಟ್ಟು ಎದ್ದೂಬಿದ್ದು ಓಡಿ ಬಂದೆ, ನಾಲ್ಕು ಸಲವೂ ಎದ್ದು ಕೂತು ಕಾಫಿ ಕೇಳಿದ್ರು. ಐದನೇ ಸಲ ನನಗೆ ನಗು ಬಂತು ಅಕ್ಕಾ. ನಿಜವಾಗ್ಲೂ ನಗು ಬಂತು. ಇದೂ ನಾಟಕ ಅಂದ್ಕೊಂಡೆ.

ಬಾಗಿಲು ನೋಡ್ತಾ ಮಲಗಿದ್ರು. ‘ಎಲ್ಲಿಗೆ ಬಂದ್ಲು?’ ಅಂತ ಕೇಳೋರು. ಬಸ್ ಹತ್ತಿದ್ದಾಳೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಸೇತುವೆ ದಾಟಿದ್ಲಂತೆ ಅಂದೆ. ಗೇಟಿನ ಹತ್ರ ಇದ್ದಾಳೆ ಅಂದಾಗ, ತಲೆ ಬಾಚು ಅಂದ್ರು. ಬೈತಲೆ ತಪ್ಪಾಯ್ತು ಅಂತ ಬೈಯೋಕೆ ಎದ್ದೇಳ್ತಾರೆ ಅಂತ ಕಾದೆ. ಏಳ್ಲಿಲ್ಲ.

ಯಾರು? ಎಡಿಟರಾ... ಇರಪ್ಪಾ, ಹೊರಗೇ ಇರು!

ಅಕ್ಕಾ, ಇಲ್ಲಿ ನೋಡು. ಅವತ್ತು ನೀನು ಬಂದ ಬಸ್ ಒಂದು ತಡವಾಗದೆ ಇದ್ದಿದ್ರೆ ಅಪ್ಪ ಸಿಗ್ತಿದ್ರು ಅಂತ ಇವತ್ತಿಗೂ ಅಳ್ತೀಯಲ್ಲ... ‘ಹುಷಾರಿಲ್ಲ, ಬೇಗ ಬಾ’ ಅಂತ ನಾನು ನಿಂಗೆ ಫೋನ್ ಮಾಡಿದಾಗ ಅಪ್ಪ ಹೋಗಿ ಅರ್ಧ ಗಂಟೆ ಆಗಿತ್ತು.